ಹಸಿರು ಬೇರೆ, ಹೆಸರು ಬೇರೆ

ಈ ಸಲದ ಕಾಗದಗಳನ್ನು ಬಿಡಿಸುತ್ತಾ ಹೋದ ಹಾಗೆ ನಗು ಬಂತು. ಒಬ್ಬರಿಗೊಬ್ಬರು ಗುರುತಿಲ್ಲದ ಏಳೆಂಟು ಜನ ಮಾತಾಡಿಕೊಂಡವರ ಹಾಗೆ ಒಂದೇ ಪದದ ಸುತ್ತ ಕೇಳಿದ್ದಾರೆ. ಫ್ಲೋರಾ. ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳ ಮುಂದೆ ಈ ಪದ ತಂದಿಟ್ಟರೆ ಏನಾಗುತ್ತದೆ ಗೊತ್ತಲ್ಲ? ಬೇರೆ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ ಹೋದವು. ಆ ಪ್ರಶ್ನೆ ಕಳಿಸಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಾನು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್ ವರದಿಯಲ್ಲಿ ‘ಡೆನ್ಸ್ ಫ್ಲೋರಾ’ ಎಂದು ಬರೆದಿದ್ದೆ. ಗೈಡ್ ಅದಕ್ಕೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ‘ವೆಜಿಟೇಶನ್’ ಎಂದು ಬರೆದರು. ಕಾರಣ ಹೇಳಲಿಲ್ಲ. ನನ್ನ ಹತ್ತಿರ ಇರುವ ನಿಘಂಟಿನಲ್ಲಿ ಎರಡಕ್ಕೂ ‘ಸಸ್ಯವರ್ಗ’ ಅಂತಲೇ ಇದೆ. ನನ್ನ ತಪ್ಪೇನು?

ಉತ್ತರ: ಗೆರೆ ಎಳೆದದ್ದು ಸರಿ. ಕಾರಣ ಹೇಳದೆ ಬಿಟ್ಟದ್ದು ಸರಿಯಲ್ಲ.

ಫ್ಲೋರಾ ದಟ್ಟವಾಗಲಾರದು. ಯಾಕೆಂದರೆ ಅದು ಪಟ್ಟಿ. ಒಂದು ಜಾಗದಲ್ಲಿ ಯಾವ್ಯಾವ ಜಾತಿಯ ಗಿಡಗಳಿವೆ ಎಂಬ ಲೆಕ್ಕ. ಪಟ್ಟಿ ಉದ್ದ ಇರಬಹುದು, ಗಿಡ್ಡ ಇರಬಹುದು. ದಟ್ಟ ಹೇಗಿರುತ್ತದೆ? ದಟ್ಟವಾಗುವುದು ವೆಜಿಟೇಶನ್. ಅಂದರೆ ನೆಲದ ಮೇಲೆ ಗಿಡಮರಗಳು ಹೊದಿಸಿದ ಹೊದಿಕೆ. ಎಷ್ಟು ಎತ್ತರ, ಎಷ್ಟು ಒತ್ತಾಗಿದೆ, ಬೇಸಿಗೆಯಲ್ಲಿ ಎಲೆ ಉದುರುತ್ತದೋ ಇಲ್ಲವೋ, ಇವೆಲ್ಲ ವೆಜಿಟೇಶನ್‌ಗೆ ಸೇರಿದ ಮಾತು. ಯಾವ ಗಿಡ ಎಂಬುದು ಫ್ಲೋರಾಕ್ಕೆ ಸೇರಿದ ಮಾತು. ವೆಜಿಟೇಶನ್ ಎಂದರೆ ಹಸಿರು, ಫ್ಲೋರಾ ಎಂದರೆ ಹೆಸರು. ಕನ್ನಡದಲ್ಲಿ ಇಷ್ಟು ಚೆನ್ನಾಗಿ ಪ್ರಾಸ ಕೂಡಿಬರುವುದು ನಮ್ಮ ಅದೃಷ್ಟ.

ಈ ಹಸಿರು-ಹೆಸರು ನನ್ನ ಸ್ವಂತದ್ದಲ್ಲ. ನಮಗೆ ಪಾಠ ಮಾಡಿದ ಮೇಷ್ಟ್ರು ಕೊಟ್ಟದ್ದು. ಎರಡನೇ ವರ್ಷದಲ್ಲಿ ನಮ್ಮನ್ನು ಒಂದು ಹುಲ್ಲುಬಯಲಿಗೆ ಕರೆದುಕೊಂಡು ಹೋದರು. ಚೀಲದಲ್ಲಿ ನಾಲ್ಕು ಗೂಟ, ಒಂದು ಉಂಡೆ ದಾರ. ಗೂಟ ಬಡಿದು, ದಾರ ಸುತ್ತಿ, ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲದ ಚೌಕ ಮಾಡಿದರು. ಇದಕ್ಕೆ ಕ್ವಾಡ್ರಾಟ್ ಅಂತಾರೆ. ನನ್ನ ಗೆಳತಿಗೆ, ‘ನೀನು ಹಸಿರು ಬರಿ’ ಅಂದರು. ನನಗೆ, ‘ನೀನು ಹೆಸರು ಬರಿ’ ಅಂದರು.

ಅವಳ ಕೆಲಸ ಐದು ನಿಮಿಷಕ್ಕೆ ಮುಗಿಯಿತು. ನಿಂತಲ್ಲಿಂದಲೇ ಕಣ್ಣಳತೆಯಲ್ಲಿ ಬರೆದಳು: ಒಂದೇ ಜಾತಿಯ ಹುಲ್ಲು ನೂರಕ್ಕೆ 90 ಪಾಲು, ಉಳಿದದ್ದೆಲ್ಲ ಸೇರಿ 6, ಬರಿ ನೆಲ 4. ನಾನು ಮಾತ್ರ ಮಂಡಿಯೂರಿ, ಕೊನೆಗೆ ಮಲಗಿಯೇ ಬಿಟ್ಟೆ. ಹುಲ್ಲನ್ನು ಬೆರಳಿನಿಂದ ಬಾಚಿದರೆ ಅಡಿಯಲ್ಲಿ ಬೇರೆಯದೇ ಲೋಕ. ಮುಟ್ಟಿದರೆ ಮುನಿಯ ಒಂದು ಎಳೆ. ಕಾಂಡ ಮೂರು ಮೂಲೆ ಇರುವ, ಹುಲ್ಲಿನ ವೇಷ ಹಾಕಿದ ಜೇಕು. ಅಕ್ಕಿಕಾಳಿಗಿಂತ ಚಿಕ್ಕ ನೀಲಿ ಹೂವಿನ ಒಂದು ಬಳ್ಳಿ. ಒಂದು ಕಲ್ಲಿನ ಮಗ್ಗುಲಲ್ಲಿ ಹಾವಸೆ. ಒಂದು ಗಂಟೆ ಆದ ಮೇಲೆ ನನ್ನ ಹಾಳೆಯಲ್ಲಿ ಹದಿನಾಲ್ಕು ಸಾಲು. ಮೇಷ್ಟ್ರು ಎರಡೂ ಹಾಳೆ ಪಕ್ಕಪಕ್ಕ ಹಿಡಿದು ಕೇಳಿದರು: ‘ಒಬ್ಬಳು ಇಲ್ಲಿ ಹುಲ್ಲು ಬಿಟ್ಟರೆ ಏನೂ ಇಲ್ಲ ಅಂತಾಳೆ. ಇನ್ನೊಬ್ಬಳು ಹದಿನಾಲ್ಕು ಥರ ಗಿಡ ಇದೆ ಅಂತಾಳೆ. ಯಾರು ಸುಳ್ಳು ಹೇಳ್ತಿದೀರಿ?’ ಇಬ್ಬರೂ ಸತ್ಯವನ್ನೇ ಬರೆದಿದ್ದೆವು. ಅವಳದು ವೆಜಿಟೇಶನ್, ನನ್ನದು ಫ್ಲೋರಾ.

ಇದನ್ನೇ ಭೂಮಿಯ ಅಳತೆಗೆ ಹಿಗ್ಗಿಸಿ ನೋಡಿ. ಉತ್ತರದ ಸೈಬೀರಿಯಾ, ಕೆನಡಾ ಕಡೆ ಟೈಗಾ ಎಂಬ ಕಾಡು ಇದೆ. ದಿನಗಟ್ಟಲೆ ರೈಲಿನಲ್ಲಿ ಹೋದರೂ ಮುಗಿಯದ ಹಸಿರು. ಆದರೆ ಮರಗಳ ಹೆಸರು ಬರೆಯಲು ಹೊರಟರೆ ಸ್ಪ್ರೂಸ್, ಫರ್, ಪೈನ್, ಲಾರ್ಚ್, ನಡುವೆ ಬರ್ಚ್, ಇಂಥ ಕೆಲವೇ ಗುಂಪುಗಳಲ್ಲಿ ಬಹುಪಾಲು ಮುಗಿದುಹೋಗುತ್ತದೆ. ಈಗ ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶಕ್ಕೆ ಬನ್ನಿ. ಅಲ್ಲಿ ಬಹುಪಾಲು ಮೊಳಕಾಲಿನಿಂದ ಸೊಂಟ, ಹೆಚ್ಚೆಂದರೆ ಆಳೆತ್ತರದ ಪೊದೆ. ಅದನ್ನು ನೋಡಿ ಯಾರೂ ‘ಆಹಾ, ಕಾಡು’ ಅನ್ನುವುದಿಲ್ಲ. ಆದರೆ ಸುಮಾರು 90,000 ಚದರ ಕಿಲೋಮೀಟರ್ ಜಾಗದಲ್ಲಿ ಸುಮಾರು 9,000 ಜಾತಿಯ ಗಿಡಗಳು. ಅದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಟೈಗಾದಲ್ಲಿ ಹಸಿರು ಜಾಸ್ತಿ, ಕೇಪ್‌ನಲ್ಲಿ ಹೆಸರು ಜಾಸ್ತಿ. ಅಂಟಾರ್ಕ್ಟಿಕಾ ಖಂಡಕ್ಕೆ ಹೋದರಂತೂ ಅಲ್ಲಿನ ಮೂಲನಿವಾಸಿ ಹೂಗಿಡಗಳ ಪಟ್ಟಿ ಎರಡೇ ಸಾಲು. ಒಂದು ಹುಲ್ಲು, ಇನ್ನೊಂದು ದಿಂಬಿನ ಹಾಗೆ ನೆಲಕ್ಕಂಟಿ ಕೂರುವ ಪುಟ್ಟ ಗಿಡ. ಉಳಿದದ್ದು ಹಾವಸೆ, ಕಲ್ಲುಹೂವುಗಳ ರಾಜ್ಯ.

ಹಾಗಾಗಿ ನಿಮ್ಮ ವರದಿಯಲ್ಲಿ ‘ಡೆನ್ಸ್ ವೆಜಿಟೇಶನ್’ ಎನ್ನಿ, ‘ರಿಚ್ ಫ್ಲೋರಾ’ ಎನ್ನಿ. ಎರಡೂ ಇದ್ದರೆ ಎರಡನ್ನೂ ಬರೆಯಿರಿ, ಜಾಗ ಚೆನ್ನಾಗಿದೆ ಎಂದರ್ಥ.

ಇನ್ನು ನಿಘಂಟಿನ ಮಾತು. ಸಸ್ಯವರ್ಗ, ಸಸ್ಯಸಂಕುಲ, ಸಸ್ಯರಾಶಿ, ಸಸ್ಯಸಂಪತ್ತು, ನಾಲ್ಕನ್ನೂ ನಾವು ಕೈಗೆ ಸಿಕ್ಕ ಹಾಗೆ ಬಳಸುತ್ತೇವೆ. ನಾನು ಬರೆಯುವಾಗ ಫ್ಲೋರಾಕ್ಕೆ ಸಸ್ಯಸಂಕುಲ, ವೆಜಿಟೇಶನ್‌ಗೆ ಸಸ್ಯರಾಶಿ ಅಥವಾ ಹಸಿರು ಹೊದಿಕೆ ಇಟ್ಟುಕೊಂಡಿದ್ದೇನೆ. ಸಂಕುಲದಲ್ಲಿ ಕುಲ ಇದೆ, ರಾಶಿಯಲ್ಲಿ ಗುಡ್ಡೆ ಇದೆ. ನೆನಪಿಡಲು ಸುಲಭ. ಸಸ್ಯಸಂಪತ್ತು ಎಂಬುದನ್ನು ಭಾಷಣಕ್ಕೆ ಬಿಡುತ್ತೇನೆ. ಕಳೆಗಿಡವೂ ಫ್ಲೋರಾದ ಪಟ್ಟಿಯಲ್ಲಿರುತ್ತದೆ, ಅದನ್ನು ಸಂಪತ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಪ್ರಶ್ನೆ: ಫ್ಲೋರಾ ಎಂದರೆ ಹೂವಿನ ದೇವತೆ ಎಂದು ಓದಿದ್ದೇನೆ. ಹಾಗಾದರೆ ಹೂ ಬಿಡದ ಜರೀಗಿಡ, ಹಾವಸೆ ಇವೆಲ್ಲ ಫ್ಲೋರಾಕ್ಕೆ ಸೇರುವುದಿಲ್ಲವೇ? ಮಕ್ಕಳು ಕೇಳಿದರು, ಉತ್ತರ ಹೊಳೆಯಲಿಲ್ಲ. (ಪ್ರೌಢಶಾಲೆಯ ಶಿಕ್ಷಕಿ)

ಉತ್ತರ: ಸೇರುತ್ತವೆ. ಪದ ಹುಟ್ಟಿದ ಮನೆ ಬೇರೆ, ಬಾಳಿದ ಮನೆ ಬೇರೆ.

ಲ್ಯಾಟಿನ್‌ನಲ್ಲಿ ಹೂವಿಗೆ ‘ಫ್ಲೋಸ್’ ಎನ್ನುತ್ತಾರೆ. ರೋಮನ್ನರ ಹೂವಿನ, ವಸಂತದ ದೇವತೆ ಫ್ಲೋರಾ. ರೋಮನ್ ಕವಿ ಓವಿಡ್ ಅವಳ ಬಾಯಲ್ಲೇ ಒಂದು ಕಥೆ ಹೇಳಿಸುತ್ತಾನೆ: ನಾನು ಮೊದಲು ಕ್ಲೋರಿಸ್ ಆಗಿದ್ದೆ, ಆಮೇಲೆ ಫ್ಲೋರಾ ಆದೆ ಅಂತ. ಗ್ರೀಕ್‌ನಲ್ಲಿ ‘ಕ್ಲೋರೋಸ್’ ಅಂದರೆ ಎಳೆ ಹಸಿರು. ಎಲೆಯ ಹಸಿರಿಗೆ ಕ್ಲೋರೋಫಿಲ್ ಎಂಬ ಹೆಸರು ಬಂದದ್ದೂ ಅದೇ ಬೇರಿನಿಂದ. ಅಂದರೆ ಈ ಹೂವಿನ ದೇವತೆ ತವರಿನಲ್ಲಿ ಹಸಿರಮ್ಮ! ಮಕ್ಕಳಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.

ದೇವತೆಯ ಹೆಸರು ಗಿಡಗಳ ಪುಸ್ತಕಕ್ಕೆ ಬಂದದ್ದು 17ನೇ ಶತಮಾನದಲ್ಲಿ. ಸೈಮನ್ ಪೌಲಿ ಎಂಬಾತ 1648ರಲ್ಲಿ ಡೆನ್ಮಾರ್ಕಿನ ಗಿಡಗಳ ಬಗ್ಗೆ ಬರೆದ ಪುಸ್ತಕಕ್ಕೆ ‘ಫ್ಲೋರಾ ಡಾನಿಕಾ’ ಎಂದು ಹೆಸರಿಟ್ಟ. ಅದನ್ನು ಊರಿಗೆಲ್ಲ ರೂಢಿ ಮಾಡಿಸಿದವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. 1732ರಲ್ಲಿ ಲ್ಯಾಪ್‌ಲ್ಯಾಂಡ್ ಸುತ್ತಿ ಬಂದು 1737ರಲ್ಲಿ ‘ಫ್ಲೋರಾ ಲ್ಯಾಪೋನಿಕಾ’ ಬರೆದ. 1745ರಲ್ಲಿ ಸ್ವೀಡನ್ನಿನ ಫ್ಲೋರಾ, ಮರುವರ್ಷ ಅದೇ ದೇಶದ ಫೌನಾ, ಅಂದರೆ ಪ್ರಾಣಿಗಳ ಪಟ್ಟಿ. ಫೌನಾ ಎಂಬುವಳೂ ರೋಮನ್ ದೇವತೆಯೇ, ಫೌನಸ್ ಎಂಬ ಕಾಡುದೇವರ ಕಡೆಯವಳು. ಫ್ಲೋರಾ-ಫೌನಾ ಎಂಬ ಜೋಡಿ ಹೆಸರು ಹೀಗೆ ನಮ್ಮ ಪರೀಕ್ಷೆಯ ಹಾಳೆಗೆ ಬಂತು. ಉತ್ತರದ ಚಳಿಯ ನಾಡಿನಲ್ಲಿ ಹಾವಸೆಯನ್ನು ಬಿಟ್ಟು ಗಿಡದ ಪಟ್ಟಿ ಮಾಡುವುದುಂಟೇ? ಲಿನೇಯಸ್ ಹಾವಸೆ, ಜರೀಗಿಡ ಎಲ್ಲವನ್ನೂ ಸೇರಿಸಿಕೊಂಡ. ಹೂ ಇರಲಿ ಬಿಡಲಿ, ಎಲ್ಲ ಗಿಡಕ್ಕೂ ಫ್ಲೋರಾ ಎಂಬುದು ನಿಂತುಹೋಯಿತು.

ಇಂಥ ಪುಸ್ತಕಕ್ಕೂ ಫ್ಲೋರಾ ಅಂತಲೇ ಹೆಸರು. ‘ಫ್ಲೋರಾ ನೋಡಿ ಗುರುತಿಸಿದೆವು’ ಎಂದು ಯಾರಾದರೂ ಬರೆದರೆ, ಹೂ ನೋಡಿ ಅಂತಲ್ಲ, ಪುಸ್ತಕ ನೋಡಿ ಅಂತ. ಜೋಸೆಫ್ ಹೂಕರ್ ನೇತೃತ್ವದಲ್ಲಿ ಬಂದ ಬ್ರಿಟಿಷ್ ಇಂಡಿಯಾದ ಫ್ಲೋರಾ ಏಳು ಸಂಪುಟ, 1872ರಿಂದ 1897ರವರೆಗೆ. ಇವು ಓದುವ ಪುಸ್ತಕಗಳಲ್ಲ, ನಡೆಯುವ ಪುಸ್ತಕಗಳು. ಒಳಗೆ ಗುರುತಿನ ಕೀಲಿ ಇರುತ್ತದೆ. ಎಲೆ ಎದುರುಬದುರು ಇದ್ದರೆ 2ಕ್ಕೆ ಹೋಗು, ಒಂದು ಬಿಟ್ಟು ಒಂದಿದ್ದರೆ 7ಕ್ಕೆ ಹೋಗು. ಕಾಂಡ ಮುರಿದರೆ ಹಾಲು ಬರುತ್ತದೋ? 3. ಇಲ್ಲವೋ? 5. ಹೀಗೆ ಕವಲು ಕವಲಾಗಿ ಹೋದರೆ ಕೊನೆಗೊಂದು ಹೆಸರು. ಒಂದು ಕಡೆ ತಪ್ಪಿ ತಿರುಗಿದರೆ ಯಾವುದೋ ಬೇರೆ ಮನೆ ಬಾಗಿಲು ತಟ್ಟುತ್ತೀರಿ. ನಾನು ತಟ್ಟದ ಬಾಗಿಲಿಲ್ಲ. ಈ ಪುಸ್ತಕಕ್ಕೆ ಕನ್ನಡದಲ್ಲಿ ಒಂದು ಹೆಸರು ಬೇಕು ಅಂತ ಒಮ್ಮೆ ‘ಸಸ್ಯಕೋಶ’ ಎಂದು ಬರೆದು, ತಕ್ಷಣ ಹೊಡೆದುಹಾಕಿದೆ. ಸಸ್ಯಕೋಶ ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವ ಗಿಡದ ಜೀವಕೋಶ ಆಗಿಬಿಡುತ್ತದಲ್ಲ. ಈಗ ಸುಮ್ನೆ ‘ಫ್ಲೋರಾ ಪುಸ್ತಕ’ ಅಂತೀನಿ.

ಪ್ರಶ್ನೆ: ಔಷಧದ ಪೊಟ್ಟಣದೊಳಗಿನ ಚೀಟಿಯಲ್ಲಿ ‘ಇಂಟೆಸ್ಟೈನಲ್ ಫ್ಲೋರಾ’ವನ್ನು ಸರಿಪಡಿಸುತ್ತದೆ ಎಂದಿದೆ. ಕರುಳಿನಲ್ಲಿ ಯಾವ ಗಿಡ?

ಉತ್ತರ: ನಿಮ್ಮ ಪ್ರಶ್ನೆ ನನ್ನ ಹಳೇ ಗಾಯ ಕೆದಕಿತು. ತುಂಬ ವರ್ಷಗಳ ಹಿಂದೆ ಒಂದು ಆರೋಗ್ಯದ ಕಿರುಪುಸ್ತಕವನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ರಾತ್ರಿ ಹನ್ನೊಂದಾಗಿತ್ತು, ಬೆಳಗ್ಗೆ ಕೊಡಬೇಕಿತ್ತು. ‘ಗಟ್ ಫ್ಲೋರಾ’ ಎಂದಿದ್ದನ್ನು ಕೈ ತಾನಾಗಿಯೇ ‘ಕರುಳಿನ ಸಸ್ಯಸಂಪತ್ತು’ ಎಂದು ಬರೆಯಿತು. ಸಸ್ಯಶಾಸ್ತ್ರದ ಮೇಡಂ ಬರೆದದ್ದು ಅಂತ ಯಾರೂ ತಿದ್ದಲಿಲ್ಲ. ಅಚ್ಚಾಗಿ ಬಂತು. ಓದಿದ ಒಬ್ಬ ಹಿರಿಯರು ಫೋನ್ ಮಾಡಿ, ‘ಏನಮ್ಮಾ, ಹೊಟ್ಟೆಯಲ್ಲಿ ತೋಟ ಮಾಡಿಸಿದ್ದೀಯಾ? ನೀರು ಹಾಕೋದು ಹೇಗೆ?’ ಎಂದು ಕೇಳಿದರು. ಸಸ್ಯಸಂಪತ್ತು ಎಂಬ ಪದದ ಮೇಲೆ ನನಗೆ ಇರುವ ಸಿಟ್ಟಿಗೆ ಅರ್ಧ ಕಾರಣ ಇದೇ ಇರಬೇಕು.

ಕರುಳಿನಲ್ಲಿ ಇರುವುದು ಗಿಡವಲ್ಲ, ಸೂಕ್ಷ್ಮಜೀವಿಗಳು. ಮುಖ್ಯವಾಗಿ ಬ್ಯಾಕ್ಟೀರಿಯಾ. 2016ರಲ್ಲಿ ಬಂದ ಒಂದು ಲೆಕ್ಕದ ಪ್ರಕಾರ ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ, ಬಹುಪಾಲು ದೊಡ್ಡ ಕರುಳಿನಲ್ಲಿ. ಮತ್ತೆ ಅವಕ್ಕೆ ಫ್ಲೋರಾ ಎಂಬ ಹೆಸರು ಯಾಕೆ ಬಂತು? ಜೀವಿಗಳೆಲ್ಲ ಒಂದೋ ಪ್ರಾಣಿ, ಇಲ್ಲವೋ ಸಸ್ಯ ಎಂದು ಎರಡೇ ಡಬ್ಬಿ ಇದ್ದ ಕಾಲದಲ್ಲಿ ಬ್ಯಾಕ್ಟೀರಿಯಾವನ್ನು ಸಸ್ಯದ ಡಬ್ಬಿಗೆ ಹಾಕಿದ್ದರು. 1857ರಲ್ಲಿ ಕಾರ್ಲ್ ನೇಗೆಲಿ ಅವಕ್ಕೆ ಕೊಟ್ಟ ಹೆಸರಿನ ಅರ್ಥವೇ ‘ಸೀಳುವ ಶಿಲೀಂಧ್ರ’. ಆಗ ಶಿಲೀಂಧ್ರವೂ ಸಸ್ಯವೇ. ಆಮೇಲೆ ಬ್ಯಾಕ್ಟೀರಿಯಾ ಬೇರೆ ಮನೆ ಮಾಡಿದವು, ಹೆಸರು ಮಾತ್ರ ಹಳೇ ವಿಳಾಸದಲ್ಲೇ ಉಳಿಯಿತು. ಈಗಿನವರು ‘ಮೈಕ್ರೋಬಯೋಟಾ’ ಎನ್ನುತ್ತಾರೆ. ಡಾಕ್ಟರುಗಳ ಬಾಯಲ್ಲಿ, ಔಷಧದ ಚೀಟಿಯಲ್ಲಿ ಫ್ಲೋರಾ ಇನ್ನೂ ಇದೆ. ಕನ್ನಡದಲ್ಲಿ ‘ಕರುಳಿನ ಸೂಕ್ಷ್ಮಜೀವಿಗಳು’ ಎಂದರೆ ಸಾಕು. ತೋಟ ಬೇಡ.

ಪ್ರಶ್ನೆ: ಹಾಗಾದರೆ ಅಣಬೆ ಫ್ಲೋರಾದಲ್ಲಿ ಬರುತ್ತದೋ ಇಲ್ಲವೋ?

ಉತ್ತರ: ಹಳೇ ಪುಸ್ತಕಗಳಲ್ಲಿ ಬರುತ್ತಿತ್ತು. 1969ರಲ್ಲಿ ರಾಬರ್ಟ್ ವಿಟ್ಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯ ಮಾಡಿ, ಶಿಲೀಂಧ್ರಗಳಿಗೆ ಪ್ರತ್ಯೇಕ ಜಾಗ ಕೊಟ್ಟ. ಅಣಬೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವುದಿಲ್ಲ, ಹೀಗಾಗಿ ಗಿಡ ಅಲ್ಲ. ಈಚೆಗೆ ಕೆಲವರು ಫ್ಲೋರಾ, ಫೌನಾದ ಪಕ್ಕದಲ್ಲಿ ‘ಫಂಗಾ’ ಎಂಬ ಮೂರನೇ ಪದ ಸೇರಿಸಿ ಎನ್ನುತ್ತಿದ್ದಾರೆ. ನನಗೆ ಒಪ್ಪಿಗೆಯೇ. ಮೂವರು ಅಕ್ಕತಂಗಿಯರ ಹೆಸರಿನ ಹಾಗೆ ಕೇಳಿಸುತ್ತದೆ.

ಪ್ರಶ್ನೆ: ಅಪ್ಪನ ಹೃದಯದ ಎಕೋ ರಿಪೋರ್ಟಿನಲ್ಲಿ ಕೊನೆಗೆ ‘ನೋ ಕ್ಲಾಟ್, ನೋ ವೆಜಿಟೇಶನ್’ ಎಂದಿದೆ. ಹೃದಯದಲ್ಲಿ ಗಿಡ ಬೆಳೆಯುತ್ತಾ? ಕೇಳಲು ನಾಚಿಕೆ, ಆದರೆ ರಾತ್ರಿ ನಿದ್ದೆ ಬರಲಿಲ್ಲ.

ಉತ್ತರ: ನಾಚಿಕೆ ಯಾಕೆ? ಮೊದಲು ಆ ‘ನೋ’ ನೋಡಿ. ಇಲ್ಲ ಎಂದು ಬರೆದಿದ್ದಾರೆ. ಅದು ಒಳ್ಳೆಯ ಸಾಲು.

ಒಮ್ಮೊಮ್ಮೆ ರಕ್ತದಲ್ಲಿ ಬಂದ ರೋಗಾಣು ಹೃದಯದ ಕವಾಟದ ಮೇಲೆ ಕೂತು ಸೋಂಕು ಮಾಡುತ್ತದೆ. ಅಲ್ಲಿ ಆ ರೋಗಾಣು, ರಕ್ತದ ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟಿಸುವ ನಾರು ಎಲ್ಲ ಸೇರಿ ಗಂಟು ಕಟ್ಟುತ್ತದೆ. ಕವಾಟದ ಮೇಲೆ ಏನೋ ಚಿಗುರಿದ ಹಾಗೆ ಕಾಣುವುದರಿಂದ ವೈದ್ಯರು ಅದಕ್ಕೆ ವೆಜಿಟೇಶನ್ ಅಂದರು. ಅದರಲ್ಲಿ ಗಿಡದ ಅಂಶ ಚೂರೂ ಇಲ್ಲ. ಎಕೋ ಮಾಡುವವರು ಅದು ಇದೆಯಾ ಎಂದು ನೋಡಿ, ಇಲ್ಲದಿದ್ದರೆ ಇಲ್ಲ ಎಂದು ಬರೆಯುವುದು ರೂಢಿ. ರಿಪೋರ್ಟಿನ ಉಳಿದ ಸಾಲುಗಳನ್ನು ನಿಮ್ಮ ಡಾಕ್ಟರ ಹತ್ತಿರವೇ ಕೇಳಿ. ನಾನು ಪದದ ಡಾಕ್ಟರ್ ಮಾತ್ರ.

ಪದದ ಮಾತು ಬಂತು ಅಂತ ಇನ್ನೊಂದು. ವೆಜಿಟೇಶನ್‌ನ ಲ್ಯಾಟಿನ್ ಮೂಲ ‘ವೆಜೆತಾರೆ’, ಅಂದರೆ ಚೈತನ್ಯ ತುಂಬು, ಜೀವ ತುಂಬು. ಇಂಗ್ಲಿಷಿನಲ್ಲೂ ಮೊದಲಿಗೆ ಬೆಳೆಯುವ ಕ್ರಿಯೆಗೇ ಆ ಪದ ಇತ್ತು. ಬರುಬರುತ್ತಾ ಏನಾಯ್ತು ನೋಡಿ: ‘ವೆಜಿಟೇಟ್’ ಎಂದರೆ ಏನೂ ಮಾಡದೆ ಬಿದ್ದಿರುವುದು! ಎಚ್ಚರವಾಗಿದ್ದರೂ ಅರಿವಿಲ್ಲದೆ ಮಲಗಿರುವ ರೋಗಿಗಳ ಸ್ಥಿತಿಗೆ 1972ರಲ್ಲಿ ಜೆನೆಟ್ ಮತ್ತು ಪ್ಲಮ್ ಎಂಬ ಇಬ್ಬರು ವೈದ್ಯರು ‘ವೆಜಿಟೇಟಿವ್ ಸ್ಟೇಟ್’ ಎಂದು ಹೆಸರಿಟ್ಟರು. ಜೀವ ತುಂಬು ಎಂಬ ಪದ ಇಲ್ಲಿಗೆ ಬಂದು ನಿಂತಿತು. ಗಿಡದ ಪರವಾಗಿ ನನಗೆ ಇದರಲ್ಲಿ ಸ್ವಲ್ಪ ತಕರಾರು ಇದೆ. ನಿಂತ ಜಾಗದಲ್ಲೇ ಅನ್ನ ಬೇಯಿಸಿ, ಮಕ್ಕಳನ್ನು ಗಾಳಿಯಲ್ಲಿ ದೂರ ಕಳಿಸಿ, ನೂರಾರು ವರ್ಷ ಸಂಸಾರ ಮಾಡುವವರನ್ನು ‘ಸುಮ್ನೆ ಬಿದ್ದಿದ್ದಾರೆ’ ಅನ್ನಬಹುದಾ?

ಚುಟುಕು ಪ್ರಶ್ನೆಗಳು

*‘ಐ ಪ್ಲಾಂಟೆಡ್ ಮೆನಿ ಫ್ಲೋರಾಸ್’ ಸರಿಯೇ?* ಅಲ್ಲ. ಒಂದು ಗಿಡಕ್ಕೆ ಫ್ಲೋರಾ ಅನ್ನುವುದಿಲ್ಲ, ಹತ್ತು ಗಿಡಕ್ಕೆ ಫ್ಲೋರಾಸ್ ಅನ್ನುವುದೂ ಇಲ್ಲ. ನೀವು ನೆಟ್ಟದ್ದು ಪ್ಲಾಂಟ್ಸ್. ಎರಡು ದೇಶಗಳ ಗಿಡಪಟ್ಟಿಗಳನ್ನು ಹೋಲಿಸುವಾಗ ಮಾತ್ರ ಫ್ಲೋರಾಸ್ ಬರಬಹುದು. ‘ಫ್ಲೋರೆ’ ಎಂಬ ಲ್ಯಾಟಿನ್ ಬಹುವಚನವೂ ಇದೆ, ಬಳಸುವವರು ಕಡಿಮೆ.

*‘ಫ್ಲೋರಿಸ್ಟಿಕ್ ಸರ್ವೆ’ ಎಂದರೆ ಹೂವಿನ ಅಂಗಡಿಗಳ ಸಮೀಕ್ಷೆಯೇ?* ಫ್ಲೋರಿಸ್ಟ್ ಹೂ ಮಾರುವವರು, ನಿಜ. ಆದರೆ ಫ್ಲೋರಿಸ್ಟಿಕ್ ಎಂಬುದು ಫ್ಲೋರಾಕ್ಕೆ ಸೇರಿದ್ದು. ಅದು ಗಿಡಜಾತಿಗಳ ಸಮೀಕ್ಷೆ. ಹೂವಿಗೆ ಸೇರಿದ್ದು ಫ್ಲೋರಲ್.

*ಹಳೇ ಕವಿಗಳ ಹೆಸರಿನ ಮುಂದೆ ಇಸವಿ ಹಾಕಿ, ಅದಕ್ಕೆ ಮೊದಲು ‘ಎಫ್‌ಎಲ್’ ಎಂದು ಬರೆದಿರುತ್ತಾರಲ್ಲ?* ಅದು ‘ಫ್ಲೋರುಯಿಟ್’. ಹುಟ್ಟಿದ್ದು, ಸತ್ತದ್ದು ಗೊತ್ತಿಲ್ಲದಾಗ, ಇಂಥ ಕಾಲದಲ್ಲಿ ಅರಳಿದ್ದ ಎಂದು ಹೇಳುವ ರೀತಿ. ಹೂವಿನ ಬೇರೇ ಅದಕ್ಕೂ.

*ಹಿಟ್ಟಿನ ‘ಫ್ಲೌರ್’, ಹೂವಿನ ‘ಫ್ಲವರ್’ ಎರಡೂ ಒಂದೇ ಥರ ಕೇಳಿಸುತ್ತವೆ, ಸಂಬಂಧ ಉಂಟೇ?* ಉಂಟು, ಎರಡೂ ಒಂದೇ ಪದ. ಬೀಸಿದ್ದರಲ್ಲಿ ತೀರ ನುಣ್ಣಗಿನ, ಒಳ್ಳೆಯ ಭಾಗಕ್ಕೆ ಅದರ ‘ಹೂ’ ಅನ್ನುತ್ತಿದ್ದರು. 1755ರ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟಿನಲ್ಲೂ ಎರಡಕ್ಕೂ ಒಂದೇ ಕಾಗುಣಿತ. ನೆಲದ ಫ್ಲೋರ್ ಮಾತ್ರ ಬೇರೆ ಕುಲದ್ದು, ಅದನ್ನು ಇಲ್ಲಿಗೆ ಎಳೆಯಬೇಡಿ.

ಪ್ರಶ್ನೆ: ಅಂಗಾಲು ನೋವೆಂದು ಹೋದರೆ ಡಾಕ್ಟರು ‘ಪ್ಲಾಂಟರ್’ ಏನೋ ಅಂದರು. ಗಿಡಕ್ಕೂ ಅಂಗಾಲಿಗೂ ಏನು ನಂಟು?

ಉತ್ತರ: ಲ್ಯಾಟಿನ್‌ನ ‘ಪ್ಲಾಂಟಾ’ಗೆ ಎರಡು ಅರ್ಥ. ಒಂದು, ನೆಡಲು ತೆಗೆದ ಸಸಿ ಅಥವಾ ಕಡ್ಡಿ. ಇನ್ನೊಂದು, ಅಂಗಾಲು. ಇವೆರಡಕ್ಕೂ ಗಂಟು ಬಿದ್ದದ್ದು ನೆಡುವ ಕೆಲಸದಲ್ಲೇ ಎಂದು ಪದಗಳ ಜಾಡು ಹಿಡಿದವರು ಹೇಳುತ್ತಾರೆ. ಸಸಿಯನ್ನು ಗುಂಡಿಯಲ್ಲಿಟ್ಟು, ಮಣ್ಣೆಳೆದು, ಸುತ್ತ ಅಂಗಾಲಿನಿಂದ ಒತ್ತುತ್ತೇವಲ್ಲ, ಹಾಗೆ. ‘ಸಪ್ಲಾಂಟ್’ ಎಂಬ ಪದದಲ್ಲಿರುವುದೂ ಈ ಅಂಗಾಲೇ. ಮೊದಲು ಅದರ ಅರ್ಥ ಕಾಲು ಕೊಟ್ಟು ಬೀಳಿಸುವುದು. ಬೀಳಿಸಿದವನು ಬಿದ್ದವನ ಜಾಗದಲ್ಲಿ ಕೂತ, ಈಗಿನ ಅರ್ಥ ಬಂತು.

ನಿಮ್ಮ ಡಾಕ್ಟರು ಅಂದದ್ದು ಪ್ಲಾಂಟರ್ ಫೇಶಿಯೈಟಿಸ್ ಇರಬೇಕು. ಹಿಮ್ಮಡಿಯಿಂದ ಬೆರಳಿನವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದೆ, ಅದರ ನೋವು. ಬೆಳಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೆ ಜಾಸ್ತಿ, ನಾಲ್ಕು ಹೆಜ್ಜೆ ನಡೆದರೆ ಕಡಿಮೆ. ನನಗೆ ಹೇಗೆ ಗೊತ್ತು ಅಂತೀರಾ? ಮೂವತ್ತೊಂದು ವರ್ಷ ಕಪ್ಪು ಹಲಗೆಯ ಮುಂದೆ ನಿಂತವಳು. ಎಡಗಾಲು.